ಸ್ಪಿನೇಕರ್ ಪೋಲ್: ಕೊಳವೆ ಹುಬ್ಬಳ್ಳಿಯದು, ತುದಿ ಹೊರಗಿನದು

ರೇಸಿಂಗ್ ದೋಣಿಯ ಪೋಲ್ ಬಗ್ಗೆ ಹುಬ್ಬಳ್ಳಿಯವನೊಬ್ಬ ಬರೆಯುತ್ತಾನೆ ಅಂದರೆ ಯಾರಿಗಾದರೂ ನಗು ಬರಬಹುದು. ಪಕ್ಕದ ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಇದೆ, ಹಾಯಿದೋಣಿ ಓಡಿಸುವಷ್ಟು ನೀರಿಲ್ಲ. ನಮ್ಮ ದೋಣಿ ಇರುವುದು ಗೋವಾದಲ್ಲಿ, ದೋನಾಪಾವ್ಲಾ ಕಡೆ. ಮಳೆಗಾಲ ಶುರುವಾದರೆ ಅದು ದಡದ ಮೇಲೆ ತಾಡಪಾಲು ಹೊದ್ದು ಕೂರುತ್ತದೆ. ಪೋಲ್ ಮಾತ್ರ ಕಾರಿನ ಮೇಲೆ ಕಟ್ಟಿಸಿಕೊಂಡು ಅನಮೋಡ ಘಾಟ್ ಹತ್ತಿ ಊರಿಗೆ ಬರುತ್ತದೆ. ಗೋಕುಲ ರೋಡಿನಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ದೋಣಿಯ ಸಾಮಾನು ಮಾರುವ ಅಂಗಡಿ ಇಲ್ಲದ ಊರಿನಲ್ಲಿ ಪೋಲ್ ಕಟ್ಟಿಕೊಳ್ಳೋದು, ಕಾಪಾಡಿಕೊಳ್ಳೋದು ಹೇಗೆ ಅಂತ ಅಲ್ಲೇ ಕಲಿತದ್ದು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಮ್ಮದು ಹಳೇ 470. ಆಂದ್ರೆ ಕೊರ್ನು 1963ರಲ್ಲಿ ವಿನ್ಯಾಸ ಮಾಡಿದ ದೋಣಿ, ಉದ್ದ 4.70 ಮೀಟರ್, 1976ರಿಂದ ಒಲಿಂಪಿಕ್ಸ್‌ನಲ್ಲಿದೆ. ಓಡಿಸಲು ಇಬ್ಬರು ಬೇಕು. ಗಾಳಿ ಹಿಂದಿನಿಂದ ಬೀಸುವಾಗ ಮುಂದೆ ಬಲೂನಿನ ಹಾಗೆ ಉಬ್ಬುವ ಬಣ್ಣದ ಹಾಯಿಯೇ ಸ್ಪಿನೇಕರ್. ಉಳಿದೆರಡು ಹಾಯಿ ಸೇರಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು ಬಟ್ಟೆ ಇದೊಂದರಲ್ಲೇ ಇರುತ್ತದೆ. ಅದರ ಒಂದು ಮೂಲೆಯನ್ನು ಕಂಬದಿಂದ ದೂರ ತಳ್ಳಿ ಹಿಡಿಯುವ ಕೋಲು ಪೋಲ್. ಒಂದು ತುದಿ ಕಂಬದ ಮುಂದಿನ ರಿಂಗಿಗೆ ಸಿಕ್ಕಿಸಬೇಕು, ಇನ್ನೊಂದು ತುದಿಯ ಬಾಯಲ್ಲಿ ಹಾಯಿಯ ಹಗ್ಗ ಕೂರಬೇಕು. ಆ ಕಡೆಯ ಹಗ್ಗಕ್ಕೆ ಗಾಯ್ ಅನ್ನುತ್ತೇವೆ.

ಪೋಲಿನ ಮೇಲೆ ಬೀಳೋದು ಎಳೆತ ಅಲ್ಲ, ಒತ್ತಡ. ಗಾಯ್ ಹಿಂದಕ್ಕೆ ಎಳೆದಷ್ಟೂ ಪೋಲ್ ಕಂಬಕ್ಕೆ ಒತ್ತಿಕೊಳ್ಳುತ್ತದೆ. ಗಾಳಿ ಪಕ್ಕಕ್ಕೆ ಸರಿದು, ಪೋಲ್ ಮುಂದಿನ ತಂತಿಯ (ಕಂಬವನ್ನು ಮುಂದಿನಿಂದ ಎಳೆದು ಹಿಡಿದಿರುವ ತಂತಿ) ಹತ್ತಿರ ಬಂದಾಗ ಹಗ್ಗ ಮತ್ತು ಕೋಲಿನ ನಡುವಿನ ಕೋನ ಕಿರಿದಾಗುತ್ತದೆ. ಆಗ ಒತ್ತಡ ಜಾಸ್ತಿ. ಅದಕ್ಕೇ ಗಾಯ್‌ನ್ನು ದೋಣಿಯ ಅಗಲವಾದ ಜಾಗದಲ್ಲಿ, ಪಕ್ಕದ ತಂತಿಯ ಬುಡದಲ್ಲಿ ಒಂದು ಹುಕ್ಕಿಗೆ ಹಾಕುವುದು. ಕೋನ ಅಗಲವಾಗುತ್ತದೆ, ಪೋಲ್ ಮೇಲೇಳದಂತೆ ಹಿಡಿತವೂ ಸಿಗುತ್ತದೆ.

ಒತ್ತಡಕ್ಕೆ ಸಿಕ್ಕ ಉದ್ದನೆಯ ಕೋಲು ಮುರಿಯುವ ಮೊದಲು ನಡುವಿನಲ್ಲಿ ಬಾಗುತ್ತದೆ. ಹಾಗಾಗಿ ಕೊಳವೆ ಆರಿಸುವಾಗ ನಾನು ಗೋಡೆಯ ದಪ್ಪಕ್ಕಿಂತ ಮೊದಲು ವ್ಯಾಸ ನೋಡುತ್ತೇನೆ. 25 ಮಿ.ಮೀ. ಹೊರವ್ಯಾಸದ, 1.5 ಮಿ.ಮೀ. ಗೋಡೆಯ ಕೊಳವೆ ಒಂದು ಕಡೆ, 32 ಮಿ.ಮೀ.ಗೆ 1.2 ಗೋಡೆಯದು ಇನ್ನೊಂದು ಕಡೆ ಇಟ್ಟು ಲೆಕ್ಕ ಹಾಕಿ. ಎರಡನೆಯದರ ತೂಕ ನೂರಕ್ಕೆ ಐದರಷ್ಟು ಜಾಸ್ತಿ, ಅಷ್ಟೇ. ಬಾಗದೆ ನಿಲ್ಲುವ ಶಕ್ತಿ ಮಾತ್ರ ಸುಮಾರು 1.8 ಪಟ್ಟು. ಮೀಟರಿಗೆ ಮುನ್ನೂರು ಗ್ರಾಂ ಚಿಲ್ಲರೆ ಬರುತ್ತದೆ, ಕೈಗೆ ಭಾರ ಅನ್ನಿಸೋದಿಲ್ಲ. ಹಾಗಂತ ಗೋಡೆ ತೀರಾ ತೆಳು ಆಗಬಾರದು. ದಡದಲ್ಲಿ ಯಾರೋ ಕಾಲಿಟ್ಟರೆ ಒಂದು ತಗ್ಗು ಬೀಳುತ್ತದೆ, ಮುಂದೆ ಬಾಗುವುದು ಅಲ್ಲಿಂದಲೇ.

ಇನ್ನು ಅಲ್ಯೂಮಿನಿಯಂ ಯಾವುದು ಅನ್ನೋ ಪ್ರಶ್ನೆ. ಕಿಟಕಿ, ಪಾರ್ಟಿಶನ್ ಮಾಡುವವರ ಹತ್ತಿರ ಸಿಗೋದು ಸಾಮಾನ್ಯವಾಗಿ 6063 ನಂಬರಿನ ಮಿಶ್ರಲೋಹ. ಪೋಲಿಗೆ ನನಗೆ ಬೇಕಾದದ್ದು 6061 ಅಥವಾ 6082, ಟಿ6 ಹದದ್ದು, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ನಮ್ಮ ಲೇಥ್ ಮಿಸ್ತ್ರಿ ಕೇಳಿದ್ದರು, "ಸಾಹೇಬ್ರ, ಎರಡೂ ಬೆಳ್ಳಗ ಅದಾವು, ಎರಡೂ ಹಗುರ ಅದಾವು. ಫರಕ್ ಏನೈತ್ರಿ?" ನಾನು ಎರಡೂ ತುಂಡನ್ನು ವೈಸಿಗೆ ಕಟ್ಟಿ ತುದಿ ಒತ್ತಿ ತೋರಿಸಿದೆ. ಸ್ವಲ್ಪ ಒತ್ತಿದಾಗ ಎರಡೂ ಒಂದೇ ಅಷ್ಟು ಬಾಗಿದವು. ಬಿಟ್ಟ ಕೂಡಲೇ ಎರಡೂ ನೆಟ್ಟಗಾದವು. ಇನ್ನೂ ಜೋರಾಗಿ ಒತ್ತಿ ಬಿಟ್ಟಾಗ ಟಿ6 ವಾಪಸ್ ಬಂತು, ಕಿಟಕಿಯದು ಸೊಟ್ಟಗೇ ಉಳಿಯಿತು. "ಹಂಗಾರ ಇದು ಸ್ಪ್ರಿಂಗಿನ ಸ್ವಭಾವದ್ದು ಅನ್ರಿ" ಅಂದರು ಮಿಸ್ತ್ರಿ. ನಾನು ಹೇಳಬೇಕಂದದ್ದೂ ಅದೇ. ಬಿಗುವು ಎಲ್ಲ ಅಲ್ಯೂಮಿನಿಯಮ್ಮಿಗೂ ಹೆಚ್ಚುಕಡಿಮೆ ಒಂದೇ, ಎಷ್ಟರವರೆಗೆ ಬಾಗಿ ವಾಪಸ್ ಬರುತ್ತದೆ ಅನ್ನೋದರಲ್ಲಿ ವ್ಯತ್ಯಾಸ. ಟಿ6 ಕೊಳವೆ ಊರಲ್ಲೇ ಸಿಗುತ್ತದೆ, ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾಲ್ಕು ಕಡೆ ಕೇಳಬೇಕು ಅಷ್ಟೇ. ತಂದ ಮೇಲೆ ಆನೋಡೈಸಿಂಗ್ ಮಾಡಿಸಿ. ಉದ್ದಕ್ಕೆ ಕತ್ತರಿಸಿ, ತೂತು ಕೊರೆದು, ಆಮೇಲೆ ಕೊಡಿ. ಮೊದಲೇ ಮಾಡಿಸಿದರೆ ಕತ್ತರಿಸಿದ ಅಂಚು ಬರಿಮೈಯಾಗಿ ಉಳಿಯುತ್ತದೆ. ಎಷ್ಟು ಉದ್ದ ಅನ್ನೋದನ್ನು ನಿಮ್ಮ ದೋಣಿಯ ಕ್ಲಾಸ್ ರೂಲ್ ನೋಡಿಯೇ ಕತ್ತರಿಸಿ, ಅಳತೆ ಅಧಿಕಾರಿ ಟೇಪ್ ಹಿಡಿದೇ ನೋಡುತ್ತಾರೆ.

ಕಾರ್ಬನ್ ಪೋಲ್ ಬಗ್ಗೆ ಕೇಳುವವರಿದ್ದಾರೆ. ಹಗುರ, ಬಿಗಿ, ದುಬಾರಿ. ರೂಲ್ ಒಪ್ಪಿದರೆ ತಗೊಳ್ಳಿ. ಒಂದು ನೆನಪಿರಲಿ, ಕಾರ್ಬನ್ ಮತ್ತು ಅಲ್ಯೂಮಿನಿಯಂ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ಗ್ಲಾಸ್ ಫೈಬರ್ ಪದರ ಇರಲೇಬೇಕು. ನನಗೆ ಅಷ್ಟು ತಾಪತ್ರಯ ಬೇಡ ಅನ್ನಿಸಿ ಅಲ್ಯೂಮಿನಿಯಮ್ಮಿನಲ್ಲೇ ಇದ್ದೇನೆ.

ಈಗ ತುದಿಗಳಿಗೆ ಬರೋಣ. ದುಡ್ಡು ಹಾಕಬೇಕಾದದ್ದು ಇಲ್ಲಿ. ಕೊಳವೆ ಬಾಗಿದರೆ ಇನ್ನೊಂದು ತರಬಹುದು, ತುದಿ ಕಚ್ಚಿಕೊಂಡರೆ ರೇಸ್ ಅಲ್ಲಿಗೇ ಮುಗಿಯಿತು. ಸೆಲ್ಡೆನ್, ಅಲೆನ್ ತರದ ಕಂಪನಿಗಳ ಪಿಸ್ಟನ್ ತುದಿ, ಅಂದರೆ ಬಾಯನ್ನು ಸ್ಪ್ರಿಂಗ್ ಹಾಕಿದ ಪಿನ್ ಮುಚ್ಚುವಂಥದ್ದು, ಒಂದು ಜೊತೆ ತರಿಸಿಕೊಳ್ಳಿ. ನನ್ನದೇ ಮಷಿನ್ ಶಾಪ್ ಇದ್ದರೂ ಇದನ್ನು ಮಾತ್ರ ನಾನು ಮಾಡೋಕೆ ಹೋಗಿಲ್ಲ. ತರಿಸುವ ಮೊದಲು ಒಂದು ಅಳತೆ ನೋಡಿಕೊಳ್ಳಬೇಕು. ತುದಿಯ ಬುಡ ಕೊಳವೆಯ ಒಳಗೆ ಹೋಗಿ ಕೂರುತ್ತದೆ, ಆದ್ದರಿಂದ ಲೆಕ್ಕಕ್ಕೆ ಬರೋದು ಒಳವ್ಯಾಸ. ಕೆಲವು ತುದಿ ಇಂಚಿನ ಅಳತೆಯವು, ನಮ್ಮ ಕೊಳವೆ ಮಿಲಿಮೀಟರಿನದು. ಅರ್ಧ ಮಿಲಿಮೀಟರ್ ಸಡಿಲ ಇದ್ದರೂ ಹಗ್ಗ ಎಳೆದಾಗೆಲ್ಲ ತುದಿ ಕಟಕಟ ಅಲ್ಲಾಡಿ ರಿವೆಟ್ ತೂತನ್ನು ಅಗಲ ಮಾಡುತ್ತದೆ. ನಾವು ಲೇಥಿನಲ್ಲಿ ನೈಲಾನ್ ರಾಡಿನಿಂದ ತೆಳ್ಳಗಿನ ಬುಶ್ ತೆಗೆದು, ತುದಿಗೆ ತೊಡಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದೆವು. ರಿವೆಟ್ ಎರಡನ್ನೂ ಕೊಳವೆಯ ಒಂದೇ ಸುತ್ತಳತೆಯ ಮೇಲೆ ಹೊಡೆಯಬೇಡಿ. ಒಂದು ಸ್ವಲ್ಪ ಹಿಂದೆ, ಒಂದು ಮುಂದೆ ಇದ್ದರೆ ಕೊಳವೆ ಅಲ್ಲಿ ದುರ್ಬಲ ಆಗೋದಿಲ್ಲ.

ಬಾಯಿ ಮೇಲಕ್ಕಿರಬೇಕೋ ಕೆಳಕ್ಕಿರಬೇಕೋ ಅಂತ ದೋಣಿಯವರು ಚಹಾ ಆರುವವರೆಗೂ ಜಗಳ ಆಡುತ್ತಾರೆ. ನಮ್ಮದು ಮೇಲಕ್ಕೆ. ಹಾಯಿ ಯಾವಾಗಲೂ ಮೇಲಕ್ಕೆ ಎಳೆಯುತ್ತಿರುತ್ತದಲ್ವಾ, ಪಿಸ್ಟನ್ ಎಳೆದ ಕೂಡಲೇ ಹಗ್ಗ ತಾನಾಗಿ ಆಚೆ ಹಾರುತ್ತದೆ.

ಎರಡೂ ಪಿಸ್ಟನ್ನಿಗೆ ಸೇರಿಸಿ ಪೋಲಿನ ಉದ್ದಕ್ಕೂ ಒಂದು ತೆಳುವಾದ ಹಗ್ಗ ಕಟ್ಟಿರುತ್ತೇವೆ. ಕ್ರೂ, ಅಂದರೆ ದೋಣಿಯ ಎರಡನೆಯವನು, ಎಲ್ಲಿ ಹಿಡಿದರೂ ತುದಿ ತೆರೆಯಬೇಕು. ನನ್ನ ಕ್ರೂ ಅಣ್ಣನ ಮಗ. ಜೈಬ್ ಮಾಡುವಾಗ, ಅಂದರೆ ಗಾಳಿಯನ್ನು ಹಿಂದಿನಿಂದ ಒಂದು ಪಕ್ಕದಿಂದ ಇನ್ನೊಂದಕ್ಕೆ ದಾಟಿಸುವಾಗ, ಅವನು ಪೋಲನ್ನು ಕಂಬದಿಂದ ಬಿಚ್ಚಿ, ಆ ತುದಿಯಲ್ಲಿ ಹೊಸ ಕಡೆಯ ಹಗ್ಗ ಹಿಡಿದು, ಹಳೇದನ್ನು ಬಿಟ್ಟು, ಖಾಲಿ ತುದಿಯನ್ನು ಕಂಬಕ್ಕೆ ಸಿಕ್ಕಿಸಬೇಕು. ಎಲ್ಲಾ ಅಲ್ಲಾಡುವ ದೋಣಿಯಲ್ಲಿ ನಿಂತು. ಈ ತೆಳು ಹಗ್ಗ ಬಿಗಿಯಾದರೆ ಪಿಸ್ಟನ್ ಪೂರ್ತಿ ಮುಚ್ಚಿಕೊಳ್ಳೋದಿಲ್ಲ, ಸಡಿಲ ಆದರೆ ಏನಾದರೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಎರಡು ಬೆರಳು ತೂರುವಷ್ಟು ಸಡಿಲ ಸಾಕು. "ಕಾಕಾ, ಟಕ್ ಅನ್ನಲಿಲ್ಲ" ಅಂತ ಅವನು ಕೂಗಿದರೆ ಪಿಸ್ಟನ್ ಮುಚ್ಚಿಲ್ಲ ಅಂತ ಅರ್ಥ, ನಾನು ದೋಣಿಯ ದಿಕ್ಕು ಬದಲಿಸದೆ ತಡೆಯುತ್ತೇನೆ.

ಪೋಲಿನ ನಟ್ಟನಡುವೆ ಮೇಲೆತ್ತುವ ಹಗ್ಗ, ಕೆಳಗೆಳೆಯುವ ಹಗ್ಗ ಎರಡೂ ಬಂದು ಸೇರುತ್ತವೆ. ಅಲ್ಲಿ ಹುಕ್ ಕೂರಿಸೋಕೆ ಅಂತ ಅನೇಕರು ತೂತು ಕೊರೆಯುತ್ತಾರೆ. ಬೇಡ. ಕೋಲು ಬಾಗುವುದೇ ನಡುವಿನಲ್ಲಿ, ಅಲ್ಲೇ ತೂತು ಮಾಡಿದರೆ ಹೇಗೆ? ನಾನು ಡೈನೀಮಾ (ತುಂಬಾ ಗಟ್ಟಿಯಾದ ಕೃತಕ ನಾರು) ಹಗ್ಗವನ್ನು ಸುತ್ತಿ ಹೊಲಿದು, ಜಾರದಂತೆ ಎರಡೂ ಕಡೆ ಟೇಪ್ ಸುತ್ತಿದ್ದೇನೆ. ಮುಂದಿನ ತಂತಿ ಪೋಲಿಗೆ ತಿಕ್ಕುವ ಜಾಗಕ್ಕೂ ಟೇಪ್ ಬೇಕು. ಅದು ಹರಿದಾಗ ಹಳೇದನ್ನು ಕಿತ್ತು ಹೊಸದು ಸುತ್ತಿ, ಮೇಲೆ ಮೇಲೆ ಸುತ್ತಿದರೆ ಒಳಗೆ ಉಪ್ಪು ಉಳಿಯುತ್ತದೆ.

ಮಳೆಗಾಲದ ಕೆಲಸ ಶುರುವಾಗೋದು ನೀರಿನಿಂದ. ಪೋಲನ್ನು ನೆಟ್ಟಗೆ ನಿಲ್ಲಿಸಿ ಒಳಗಿಂದ ನೀರು ಹಾಯಿಸಿದರೆ ಕೆಳಗಿನ ತುದಿಯಿಂದ ಗೋವಾದ ಮರಳು ಸಣ್ಣಗೆ ಉದುರುತ್ತದೆ. ಹುಬ್ಬಳ್ಳಿಯಲ್ಲಿ ಇದಕ್ಕೆ ಬೋರಿನ ನೀರು ಬಳಸಬೇಡಿ, ಗಡಸು ನೀರು. ನಳ ಬಂದ ದಿನ ಮಲಪ್ರಭಾ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟುಕೊಂಡು ತೊಳೆಯುತ್ತೇನೆ. ಬೋರಿನ ನೀರು ಆರಿದ ಮೇಲೆ ಪಿಸ್ಟನ್ ಸುತ್ತ ಬಿಳಿ ಪದರ ಬಿಡುತ್ತದೆ. ಅಲ್ಯೂಮಿನಿಯಂ ಸವೆಯುವಾಗ ಬರುವ ಪುಡಿಯೂ ಬಿಳಿಯೇ. ಯಾವುದು ಯಾವುದು ಅಂತ ತಿಳಿಯಲು ಒಂದು ಹನಿ ನಿಂಬೆರಸ ಬಿಡಿ. ನೀರಿನ ಸುಣ್ಣ ಆದರೆ ಬುರುಬುರು ಗುಳ್ಳೆ ಬಂದು ಕರಗುತ್ತದೆ, ಕೆಳಗಿನ ಲೋಹ ನುಣ್ಣಗಿರುತ್ತದೆ. ಸವೆತ ಆದರೆ ಒರೆಸಿದ ಮೇಲೆ ಉಗುರಿಗೆ ಸಣ್ಣ ಸಣ್ಣ ಗುಂಡಿ ತಗಲುತ್ತವೆ. ನೋಡಿ ಆದಮೇಲೆ ರಸವನ್ನು ಚೆನ್ನಾಗಿ ತೊಳೆದುಬಿಡಿ.

ಗುಂಡಿ ಕಂಡರೆ ಹತ್ತಿರದಲ್ಲಿ ಸ್ಟೇನ್‌ಲೆಸ್ ಇದೆ ಅಂತಲೇ ತಿಳಿಯಿರಿ. ಸ್ಟೇನ್‌ಲೆಸ್ ಸ್ಕ್ರೂ, ಅಲ್ಯೂಮಿನಿಯಂ ಕೊಳವೆ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿ. ಸವೆಯೋದು ಅಲ್ಯೂಮಿನಿಯಂ. ನೈಲಾನ್ ವಾಷರ್ ಹಾಕಿ, ಸ್ಕ್ರೂ ದಾರಕ್ಕೆ ಟೆಫ್-ಜೆಲ್ ಅಥವಾ ಡ್ಯೂರಲಾಕ್ ತರದ ಸವೆತ ತಡೆಯುವ ಪೇಸ್ಟ್ ಹಚ್ಚಿದರೆ ಇದು ತುಂಬಾ ನಿಧಾನ ಆಗುತ್ತದೆ.

ಪಿಸ್ಟನ್ನಿಗೆ ಗ್ರೀಸ್ ಹಚ್ಚಬೇಡಿ. ಎಣ್ಣೆಯೂ ಬೇಡ. ಮಷಿನ್ ಶಾಪಿನವನ ಬಾಯಲ್ಲಿ ಈ ಮಾತು ಬರಬಾರದು, ಆದರೆ ಅಂಟಿದ್ದ ಕಡೆ ಮರಳು ಬಂದು ಕೂರುತ್ತದೆ, ಊರಿಗೆ ಬಂದರೆ ನಮ್ಮ ಧೂಳು. ತೊಳೆದು, ಒಣಗಿಸಿ, ಒಣ ಸಿಲಿಕೋನ್ ಅಥವಾ ಪಿಟಿಎಫ್‌ಇ ಸ್ಪ್ರೇ ಒಂದು ಸಲ ಹೊಡೆದರೆ ಸಾಕು.

ಸ್ಪ್ರಿಂಗ್ ಸೋತಿದ್ದರೆ ಊರಲ್ಲೇ ಸುತ್ತಿಸಬಹುದು. ಸ್ಟೇನ್‌ಲೆಸ್ ತಂತಿಯೇ ಬೇಕು ಅಂತ ಹೇಳಿ, ಬೇರೆ ಉಕ್ಕಿನದು ಉಪ್ಪುನೀರಿನಲ್ಲಿ ಒಂದು ಸೀಸನ್ ತಡೆಯೋದಿಲ್ಲ. ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡುತ್ತೇನೆ ಅಂದರೆ ಇಲ್ಲಿ ನಡೆಯೋದಿಲ್ಲ. ಒಳ್ಳೇ 304 ತಂತಿ ಕೂಡ ಎಳೆದೆಳೆದು ಸ್ಪ್ರಿಂಗ್ ಹದಕ್ಕೆ ತಂದಾಗ ಸ್ವಲ್ಪ ಅಂಟುತ್ತದೆ. ಒಂದು ತುಂಡನ್ನು ಉಪ್ಪುನೀರಿನ ಬಟ್ಟಲಲ್ಲಿ ವಾರ ಬಿಟ್ಟು ನೋಡೋದೇ ವಾಸಿ. ಸಾಮಾನ್ಯ ಉಕ್ಕಾದರೆ ಅಷ್ಟರಲ್ಲಿ ನೀರು ಕೆಂಪಾಗಿರುತ್ತದೆ.

ಎಲ್ಲಾ ಆದಮೇಲೆ ಪೋಲನ್ನು ಮನೆಯ ಪಡಸಾಲೆಯಲ್ಲಿ ಅಡ್ಡಡ್ಡ ಎರಡು ಗೂಟದ ಮೇಲೆ ಇಡುತ್ತೇನೆ. ಪಕ್ಕದ ಮನೆಯ ಅಜ್ಜಾರು ಪ್ರತಿ ವರ್ಷ ಕೇಳುತ್ತಾರೆ, "ಆಪೂಸ್ ಹಣ್ಣು ಹರಿಯೋ ಕೋಲೇನೋ ಇದು?" ಹೌದು ಅಂದುಬಿಡುತ್ತೇನೆ.

ಈ ಸಲ ಬಾಕಿ ಇರುವುದು ಕಂಬದ ರಿಂಗ್. ಅದು ದೋಣಿಯ ಜೊತೆ ಗೋವಾದಲ್ಲೇ ಇದೆ. ಪಿಸ್ಟನ್ ತಿಕ್ಕಿ ತಿಕ್ಕಿ ಒಂದು ಕಡೆ ಸವೆದು ತೋಡು ಬಿದ್ದಿದೆ, ಒಂದು ರಿವೆಟ್ ಉಗುರಿನಿಂದ ತಿರುಗಿಸಿದರೆ ತಿರುಗುತ್ತದೆ. ಅಲ್ಲಿ ಅಲ್ಯೂಮಿನಿಯಂ ರಿವೆಟ್ ನಿಲ್ಲೋದಿಲ್ಲ, ಮೋನೆಲ್ (ನಿಕಲ್-ತಾಮ್ರದ ಮಿಶ್ರಲೋಹ) ಬೇಕು. ಮೋನೆಲ್ ಎಳೆಯೋಕೆ ಸಾದಾ ಕೈ ರಿವೆಟರ್ ಸಾಲದು. ಅಕ್ಟೋಬರಿನಲ್ಲಿ ಇಳಿಯುವಾಗ ವರ್ಕ್‌ಶಾಪಿನ ಉದ್ದ ಹಿಡಿಕೆಯ ರಿವೆಟರನ್ನು ಡಿಕ್ಕಿಯಲ್ಲಿ ಹಾಕಿಕೊಳ್ಳಬೇಕು.