ಹೆಸರು ಅಳಿಸಿಹೋದ ಹಳೆ ಬಿಡಿಭಾಗ: ಗುರುತು ಹಿಡಿಯುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲದಲ್ಲಿ ಬೋಟುಗಳು ನಿಂತಿರುವ ಈ ಹೊತ್ತಿನಲ್ಲೇ ಕೆಟ್ಟ ಚಾರ್ಜರು, ವೈರ್‌ಲೆಸ್ ಸೆಟ್ಟುಗಳು ಕಳಚಿಕೊಂಡು ಗುಜರಿ ಸೇರುವುದುಂಟು. ಘಟ್ಟ ಹತ್ತಿದರೆ ಶಿರಸಿ ಕಡೆಯ ಮನೆಗಳ ಅಟ್ಟದಲ್ಲಿ ಹಳೆ ರೇಡಿಯೊ, ಟೇಪ್‌ರೆಕಾರ್ಡರ್. ಇವುಗಳೊಳಗೆ ಇನ್ನೂ ಗಟ್ಟಿಯಾಗಿರುವ ಭಾಗಗಳು ಬೇಕಾದಷ್ಟಿವೆ. ಆದರೆ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಮೇಲಿನ ಅಕ್ಷರ ಮಾಸಿರುತ್ತದೆ. ಹಾಗಂತ ಎಸೆಯಬೇಕಿಲ್ಲ.

ಮೊದಲ ಮಾತು: ಕಂಡಕೂಡಲೇ ಕೀಳಬೇಡಿ. ಬೋರ್ಡಿನ ಮೇಲಿರುವವರೆಗೆ ಬಿಡಿಭಾಗಕ್ಕೆ ಊರು, ಕೇರಿ, ನೆಂಟರು ಎಲ್ಲ ಇರುತ್ತಾರೆ. ಕಿತ್ತು ಡಬ್ಬಿಗೆ ಹಾಕಿದ ಮೇಲೆ ಅದು ಸುಮ್ನೆ ಮೂರು ಕಾಲಿನ ಕರಿ ತುಂಡು.

ಮುಟ್ಟುವ ಮುಂಚೆ

230 ವೋಲ್ಟ್ ಕರೆಂಟನ್ನು ನೇರವಾಗಿ ಡಿಸಿ ಮಾಡುವ ಪವರ್ ಸಪ್ಲೈಗಳಲ್ಲಿ ದೊಡ್ಡ ಕೆಪ್ಯಾಸಿಟರ್ ಸುಮಾರು 325 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ತೆಗೆದ ಮೇಲೂ ಇರಬಹುದು. 10 ಕಿಲೋ ಓಮ್, 5 ವಾಟಿನ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ವೈರ್ ಕಟ್ಟಿ, ಕೆಪ್ಯಾಸಿಟರಿನ ಎರಡು ಕಾಲಿಗೆ ಮುಟ್ಟಿಸಿ ಅದನ್ನು ಖಾಲಿ ಮಾಡಿ. ಆಮೇಲೆ ಮಲ್ಟಿಮೀಟರ್ ಇಟ್ಟು ನೋಡಿ. ಹಳೆ ಟಿವಿಯ ಪಿಕ್ಚರ್ ಟ್ಯೂಬಿನ ತಂಟೆಗೆ ಹೊಸಬರು ಹೋಗಲೇಬಾರದು. ವೈರ್‌ಲೆಸ್ ಸೆಟ್ಟಿನ ಪವರ್ ಟ್ರಾನ್ಸಿಸ್ಟರಿನಲ್ಲಿ ಬಿಳಿ ಪಿಂಗಾಣಿ ಕಂಡರೆ ಒಡೆಯಬೇಡಿ, ಉಜ್ಜಬೇಡಿ. ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ. ಅದರ ಪುಡಿ ಶ್ವಾಸಕೋಶಕ್ಕೆ ವಿಷ.

ತೊಳೆದು ಓದಿ

ಕರಾವಳಿಯ ಬೋರ್ಡಿಗೆ ಬರೀ ಆಲ್ಕೋಹಾಲ್ ಸಾಲದು, ಉಪ್ಪು ಅದರಲ್ಲಿ ಸರಿಯಾಗಿ ಕರಗುವುದಿಲ್ಲ. ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಹಳೆ ಹಲ್ಲುಜ್ಜುವ ಬ್ರಶ್ಶು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಚೆನ್ನಾಗಿ ಒಣಗಲಿ. ಈಗ ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಿ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಅರ್ಧ ಅಕ್ಷರ ಸಿಕ್ಕರೂ ಸಾಕು.

ಯಾಕೆಂದರೆ ಆ ಅಕ್ಷರಗಳಿಗೆ ಕ್ರಮವಿದೆ. ಯುರೋಪಿನ ಪದ್ಧತಿಯಲ್ಲಿ ಮೊದಲಕ್ಷರ ಒಳಗಿನ ವಸ್ತು ಯಾವುದೆಂದು ಹೇಳುತ್ತದೆ: 'ಎ' ಇದ್ದರೆ ಜರ್ಮೇನಿಯಂ, 'ಬಿ' ಇದ್ದರೆ ಸಿಲಿಕಾನ್. ಎರಡನೆಯದು 'ಸಿ' ಆದರೆ ಸಣ್ಣ ಆಡಿಯೊ ಕೆಲಸದ್ದು, 'ಎಫ್' ಆದರೆ ರೇಡಿಯೊ ತರಂಗದ್ದು. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮಾಡುತ್ತಿದ್ದ ಎಸಿ128 ಈ ಲೆಕ್ಕದಲ್ಲಿ ಜರ್ಮೇನಿಯಂ ಆಡಿಯೊ ಟ್ರಾನ್ಸಿಸ್ಟರ್. ಜಪಾನಿನವರು ಮೊದಲಿನ '2ಎಸ್' ಬಿಟ್ಟು ಬರೆಯುತ್ತಾರೆ, ಹಾಗಾಗಿ 'ಸಿ1815' ಅಂದರೆ 2ಎಸ್‌ಸಿ1815. ಐಸಿಯ (ಹಲವು ಭಾಗ ಒಟ್ಟಿಗಿರುವ ಚಿಪ್) ಮೇಲೆ 8734 ಅಂತ ಇದ್ದರೆ ಅದು ನಂಬರಲ್ಲ, 1987ರ 34ನೇ ವಾರ ಇರಬಹುದು.

ಇನ್ನು ಬೋರ್ಡಿನ ಮೇಲಿನ ಬರಹ ನೋಡಿ. 'ಕ್ಯೂ' ಟ್ರಾನ್ಸಿಸ್ಟರ್, 'ಝಡ್‌ಡಿ' ಜೀನರ್, ಅಂದರೆ ಒಂದು ಗೊತ್ತಾದ ವೋಲ್ಟೇಜಿನಲ್ಲಿ ನಿಲ್ಲುವ ಡಯೋಡ್. ಮೂರು ಕಾಲಿನದ್ದೆಲ್ಲ ಟ್ರಾನ್ಸಿಸ್ಟರ್ ಅಲ್ಲ, ಪಕ್ಕದಲ್ಲಿ 'ಐಸಿ' ಅಂತಿದ್ದರೆ ಅದು 78ಎಲ್05 ತರದ, ವೋಲ್ಟೇಜ್ ಏರಿಳಿಯದಂತೆ ಹಿಡಿಯುವ ರೆಗ್ಯುಲೇಟರ್ ಆಗಿರಬಹುದು. ರೇಡಿಯೊದ ಚೌಕ ತಗಡಿನ ಡಬ್ಬಿಗಳಲ್ಲಿ ಸ್ಕ್ರೂ ಬಣ್ಣವೇ ಹೇಳುತ್ತದೆ: ಸಾಮಾನ್ಯವಾಗಿ ಕೆಂಪು ಆಸಿಲೇಟರ್ ಕಾಯಿಲ್ (ರೇಡಿಯೊ ಒಳಗೇ ತರಂಗ ಹುಟ್ಟಿಸುವುದು), ಹಳದಿ, ಬಿಳಿ, ಕಪ್ಪು ಕ್ರಮವಾಗಿ 455 ಕಿಲೋಹರ್ಟ್ಸ್‌ನ ಮೂರು ಐಎಫ್‌ಟಿ, ಅಂದರೆ ಸ್ಟೇಶನ್ನಿನ ಮತ್ತು ಆಸಿಲೇಟರಿನ ತರಂಗದ ವ್ಯತ್ಯಾಸವನ್ನು ಹಿಡಿದು ದಾಟಿಸುವ ಟ್ರಾನ್ಸ್‌ಫಾರ್ಮರುಗಳು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಹಿಡಿಯುವಾಗ ಆ ಕೆಂಪು ಕಾಯಿಲ್ 1220ರಲ್ಲಿ ಕೆಲಸ ಮಾಡುತ್ತಿರುತ್ತದೆ. ವ್ಯತ್ಯಾಸ 455!

ಈಗ ಕೀಳಿ, ಅಳೆಯಿರಿ

ಬೋರ್ಡಿನಲ್ಲೇ ಅಳೆದರೆ ಅಕ್ಕಪಕ್ಕದ ಭಾಗಗಳು ಲೆಕ್ಕ ಕೆಡಿಸುತ್ತವೆ. ಆದ್ದರಿಂದ ಬೆಸುಗೆ ಬಿಡಿಸಿ, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಕೆಂಪು ಕಡ್ಡಿ ಒಂದು ಕಾಲಿಗೆ, ಕಪ್ಪು ಕಡ್ಡಿ ಉಳಿದೆರಡಕ್ಕೆ ಒಂದಾದ ಮೇಲೊಂದು. ಎರಡೂ ಕಡೆ ಸುಮಾರು 0.6 ವೋಲ್ಟ್ ಬಂತೇ? ಟ್ರಾನ್ಸಿಸ್ಟರಿನ ಮೂರು ಕಾಲು ಬೇಸ್, ಎಮಿಟರ್, ಕಲೆಕ್ಟರ್; ಜಾತಿ ಎರಡು, ಎನ್‌ಪಿಎನ್ ಮತ್ತು ಪಿಎನ್‌ಪಿ. ಈಗ ಕೆಂಪು ಇರುವುದು ಬೇಸ್, ಟ್ರಾನ್ಸಿಸ್ಟರ್ ಎನ್‌ಪಿಎನ್. ಕಪ್ಪು ಬೇಸಿನ ಮೇಲಿದ್ದಾಗ ಹೀಗಾದರೆ ಪಿಎನ್‌ಪಿ. ಎರಡರಲ್ಲಿ ತುಸು ಜಾಸ್ತಿ ತೋರಿಸಿದ್ದು ಎಮಿಟರ್, ವ್ಯತ್ಯಾಸ 0.01ರಷ್ಟೇ ಇರಬಹುದು, ಕಣ್ಣಿಟ್ಟು ನೋಡಿ. 0.2, 0.3 ಬಂದರೆ ಜರ್ಮೇನಿಯಂ, ಅದನ್ನು ಬೇರೆ ಇಡಿ. ಸೊನ್ನೆ ಬಂದು ಬೀಪ್ ಹೊಡೆದರೆ ಅದರ ಕಥೆ ಮುಗಿಯಿತು.

ಕಾಲಿನ ಕ್ರಮವನ್ನು ಊಹಿಸಬೇಡಿ. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇಟ್ಟರೆ ಎಡದಿಂದ ಬಿಸಿ547ಗೆ ಕಲೆಕ್ಟರ್, ಬೇಸ್, ಎಮಿಟರ್. ನೋಡಲು ಹಾಗೇ ಇರುವ ಸಿ1815ಗೆ ಎಮಿಟರ್, ಕಲೆಕ್ಟರ್, ಬೇಸ್.

ಜೀನರಿಗೆ 24 ವೋಲ್ಟ್ ಸಪ್ಲೈ, ಸರಣಿಯಲ್ಲಿ 4.7 ಕಿಲೋ ಓಮ್ ರೆಸಿಸ್ಟರ್. ಪಟ್ಟಿ ಇರುವ ತುದಿ ಪ್ಲಸ್‌ಗೆ. ಅದರ ಎರಡು ತುದಿಯಲ್ಲಿ ಅಳೆದದ್ದೇ ಅದರ ವೋಲ್ಟೇಜ್. 24 ಬಂದರೆ ಅದು 24ಕ್ಕಿಂತ ದೊಡ್ಡ ಜೀನರ್, ಇಲ್ಲವೇ ಮಾಮೂಲಿ ಡಯೋಡ್.

ಒಂದು ಭಾಗ ಎಷ್ಟು ವೋಲ್ಟ್, ಎಷ್ಟು ಬಿಸಿ ತಡೆದೀತು ಎಂಬುದನ್ನು ಮಾತ್ರ ಮೀಟರ್ ಹೇಳುವುದಿಲ್ಲ. ಅದಕ್ಕೇ ಕೀಳುವ ಮುಂಚೆ ಸರ್ಕ್ಯೂಟಿನ ವೋಲ್ಟೇಜ್ ಬರೆದುಕೊಳ್ಳಿ. ನಂಬರ್ ಸಿಗದಿದ್ದರೆ ಕವರಿನ ಮೇಲೆ 'ಎನ್‌ಪಿಎನ್, ಸಿಲಿಕಾನ್, 12 ವೋಲ್ಟ್ ಟೇಪ್‌ರೆಕಾರ್ಡರಿನ ಆಡಿಯೊ' ಎಂದು ಬರೆದು, ಅಂಥದೇ ಜಾಗದಲ್ಲಿ ಅಷ್ಟೇ ವೋಲ್ಟಿಗೆ ಬಳಸಿ.