ಬ್ರಿಟನ್‌ನಲ್ಲಿ ಕಾಲುಗುರು ಮಾಂಸಕ್ಕೆ ಇಳಿದರೆ: ಮೂಲೆ ಕತ್ತರಿಸಲು ದುಡ್ಡು ಕೊಡಬೇಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಇಂಗ್ಲೆಂಡಿಗೆ ಓದಲು, ಕೆಲಸಕ್ಕೆ ಹೋಗುವ ಮಕ್ಕಳು ಹೊರಡುವ ಮುಂಚೆ ವಿನೋಬನಗರದ ನಮ್ಮ ಮನೆಗೆ ಬಂದು ಹೋಗುತ್ತಾರೆ. ನಾನು ಅಲ್ಲಿ ಬಹಳ ವರ್ಷ ಇದ್ದು ವಾಪಸ್ ಬಂದವಳು. ವೀಸಾ, ಬ್ಯಾಂಕು, ಬಾಡಿಗೆ ರೂಮಿನ ವಿಷಯ ಈಗ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ಅದನ್ನೆಲ್ಲ ಬಿಡುತ್ತೇನೆ. ಹೊರಡುವಾಗ ಯಾರೂ ಕೇಳದೆ, ಆಮೇಲೆ ವಾಟ್ಸಾಪ್‌ನಲ್ಲಿ ಫೋಟೊ ಸಮೇತ ಬರುವ ಒಂದು ವಿಷಯ ಇದೆ. ಕಾಲಿನ ಹೆಬ್ಬೆರಳ ಉಗುರು ಪಕ್ಕದ ಮಾಂಸಕ್ಕೆ ಇಳಿದು, ಬೆರಳು ಕೆಂಪಗೆ ಊದಿಕೊಂಡು, ಅಂಚಿನಲ್ಲಿ ಕೀವು ಕಟ್ಟಿರುವ ಫೋಟೊ.

ಊರಲ್ಲಿ ಹವಾಯಿ ಚಪ್ಪಲಿಯಲ್ಲೇ ಬೆಳೆದ ಪಾದ ಅದು. ಅಲ್ಲಿ ವೇರ್‌ಹೌಸ್ ಕೆಲಸಕ್ಕೆ ಸೇರಿದರೆ ಬೆರಳಿನ ಮೇಲೆ ಉಕ್ಕಿನ ಹೊದಿಕೆ ಇರುವ ಸೇಫ್ಟಿ ಶೂ ಹಾಕಲೇಬೇಕು. ಇಡೀ ಶಿಫ್ಟು ಅದರೊಳಗೆ ಬೆವರಿನ ಸಾಕ್ಸು. ಅದರ ಮೇಲೆ ಉಗುರನ್ನು ಮೂಲೆಯವರೆಗೂ ಗುಂಡಗೆ ಕತ್ತರಿಸುವ ಅಭ್ಯಾಸ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಮುಟ್ಟಬೇಡಿ. ಶೂ ಅಗಲದ್ದನ್ನು ಕೇಳಿ ತಗೊಳ್ಳಿ. ನೋವು ಈಗಷ್ಟೇ ಶುರುವಾಗಿದ್ದರೆ ಬೆಚ್ಚಗಿನ ಉಪ್ಪುನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಕಾಲಿಟ್ಟು, ಆಮೇಲೆ ಚೆನ್ನಾಗಿ ಒರೆಸಿ ಒಣಗಿಸಿದರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ನಮ್ಮ ಕಡೆ ಉಗುರುಸುತ್ತಾದರೆ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುತ್ತೇವಲ್ಲ, ಅದು ಇದಕ್ಕೆ ಬೇಡ. ಚುಚ್ಚುತ್ತಿರುವುದು ಉಗುರು. ಅದು ಹೊರಗೆ ಬರುವವರೆಗೆ ಯಾವ ಲೇಪವೂ ನಿಲ್ಲಿಸುವುದಿಲ್ಲ.

ಶಿವಮೊಗ್ಗದಲ್ಲಾದರೆ ಏನು ಮಾಡುತ್ತೀರಿ? ಸೀದಾ ಒಬ್ಬ ಸರ್ಜನ್ ಹತ್ತಿರ ಹೋಗಿ ಟೋಕನ್ ತಗೊಳ್ಳುತ್ತೀರಿ. ಬ್ರಿಟನ್‌ನಲ್ಲಿ ಈ ಕೆಲಸ ಸಾಮಾನ್ಯವಾಗಿ ಸರ್ಜನ್‌ದೂ ಅಲ್ಲ, ಜಿಪಿಯದೂ (ಯಾವ ಕಾಯಿಲೆಗಾದರೂ ಮೊದಲು ನೋಡುವ ಅಲ್ಲಿನ ಸಾಮಾನ್ಯ ಡಾಕ್ಟರು) ಅಲ್ಲ. ಪಾದಕ್ಕೇ ಅಂತ ಓದಿದ ಪೊಡಿಯಾಟ್ರಿಸ್ಟ್ ಇರುತ್ತಾರೆ, ಅವರದು. ಜಿಪಿ ನೋಡಿ, ಸೋಂಕಿದ್ದರೆ ಆಂಟಿಬಯಾಟಿಕ್ ಬರೆಯುತ್ತಾರೆ. ಇಂಗ್ಲೆಂಡಿನಲ್ಲಿ ಒಂದೊಂದು ಔಷಧಿಗೆ 9.90 ಪೌಂಡ್ ಕೊಡಬೇಕು; ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಅದೂ ಇಲ್ಲ. ಮಾತ್ರೆ ಮುಗಿಯುವವರೆಗೆ ಊತ ಇಳಿಯುತ್ತದೆ. ಉಗುರು ಅಲ್ಲೇ ಇರುವುದರಿಂದ ಮತ್ತೆ ಬರುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ‘ನೇಲ್ ಸರ್ಜರಿಗೆ ಪೊಡಿಯಾಟ್ರಿಗೆ ರೆಫರ್ ಮಾಡಿ’ ಅಂತ ಬಾಯಿಬಿಟ್ಟು ಕೇಳಿ. ಎಷ್ಟೋ ಊರುಗಳಲ್ಲಿ ಜಿಪಿಯೂ ಬೇಡ, ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ಪೊಡಿಯಾಟ್ರಿ ಫಾರ್ಮ್ ನೀವೇ ತುಂಬಬಹುದು. ವೀಸಾ ಜೊತೆ ಈ ಸೇವೆಗಾಗಿಯೇ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೀರಿ, 2024ರಿಂದ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776. ಕೇಳಲು ಸಂಕೋಚ ಯಾಕೆ? ನಿಯಮ ಊರಿಂದ ಊರಿಗೆ ಬೇರೆ, ಕಾಯುವುದು ತಪ್ಪುವುದಿಲ್ಲ. ಆದರೂ ಮೊದಲ ದಿನವೇ ಸಾಲಿನಲ್ಲಿ ಹೆಸರಿರಲಿ.

ಈಗ ದುಡ್ಡು ಹೋಗುವ ಜಾಗ. ಕಾಯಲಾರದವರು ಫೋನಿನಲ್ಲಿ ‘ಫುಟ್ ಕೇರ್’ ಅಂತ ಹುಡುಕಿ, ಹತ್ತಿರದಲ್ಲಿ ಸಿಕ್ಕಿದ ಕಡೆ ಹೋಗುತ್ತಾರೆ. ಬಿಳಿ ಕೋಟು, ಕಾಲು ಎತ್ತಿಡುವ ಕುರ್ಚಿ, ಗೋಡೆ ಮೇಲೆ ಸರ್ಟಿಫಿಕೇಟು. ಆದರೆ ಬೋರ್ಡಿನಲ್ಲಿ ಇರುವುದು ‘ಫುಟ್ ಹೆಲ್ತ್ ಪ್ರಾಕ್ಟಿಷನರ್’. ಇವರು ಉಗುರು ಕತ್ತರಿಸಲು, ಆಣಿ ಕೆರೆಯಲು ತರಬೇತಿ ಪಡೆದವರು, ಆ ಕೆಲಸ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಈ ಹೆಸರಿಗೆ ಕಾನೂನಿನ ರಕ್ಷಣೆ ಇಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಪೊಡಿಯಾಟ್ರಿಸ್ಟ್, ಅದರ ಹಳೆಯ ಹೆಸರಾದ ಕಿರೊಪೊಡಿಸ್ಟ್ ಅನ್ನುವ ಎರಡು ಹೆಸರುಗಳನ್ನು ಮಾತ್ರ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ, ಅಂದರೆ ಎಚ್‌ಸಿಪಿಸಿಯಲ್ಲಿ, ನೋಂದಣಿ ಆದವರೇ ಬಳಸಬೇಕು.

ತೀರ್ಥಹಳ್ಳಿಯ ಹುಡುಗನೊಬ್ಬ ಹೀಗೆ ಒಂದು ಕಡೆ ಹೋಗಿ ಬರುತ್ತಿದ್ದ. ಪ್ರತಿ ಸಲ ಅವರು ಮೂಲೆಯನ್ನು ಸ್ವಲ್ಪ ಕತ್ತರಿಸಿ ಕಳಿಸುವರು. ಅವತ್ತು ಸಂಜೆ ಹಾಯಾಗಿರುತ್ತಿತ್ತು. ಕೆಲವು ವಾರಕ್ಕೆ ಅದೇ ನೋವು, ಮತ್ತೆ ಅದೇ ಫೀಸು. ‘ಅಕ್ಕಾ, ಇವರು ಚೆನ್ನಾಗೇ ಮಾಡ್ತಾರೆ, ನನ್ನ ಉಗುರೇ ಸರಿ ಇಲ್ಲ’ ಅನ್ನುತ್ತಿದ್ದ. ಕೊನೆಗೆ ಪೊಡಿಯಾಟ್ರಿಸ್ಟ್ ತೆಗೆದದ್ದರ ಫೋಟೊ ಕಳಿಸಿದ. ಉಗುರಿನ ಸೀಳೊಂದು, ಅದರ ತುದಿಯಲ್ಲಿ ಕಡ್ಡಿಯಂತೆ ಚೂಪಾದ ಒಂದು ಮುಳ್ಳು. ಮೂಲೆ ಕತ್ತರಿಸುವಾಗ ಕಣ್ಣಿಗೆ ಕಾಣದ ಆಳದಲ್ಲಿ ಉಳಿದದ್ದು ಅದು. ಉಗುರು ಬೆಳೆದಂತೆಲ್ಲ ಅದೂ ಮುಂದೆ ಬಂದು ಚುಚ್ಚುತ್ತಿತ್ತು. ಆ ಮೂಲೆ ಕತ್ತರಿಸಲು ಅವನು ಕೊಟ್ಟ ದುಡ್ಡು ಒಟ್ಟು ಸೇರಿಸಿದರೆ ಖಾಸಗಿಯಾಗಿ ಸರ್ಜರಿಯನ್ನೇ ಮಾಡಿಸಿಕೊಳ್ಳಬಹುದಿತ್ತು.

ಆದ್ದರಿಂದ ದುಡ್ಡು ಕೊಡುವ ಮುಂಚೆ ಅವರ ಹೆಸರನ್ನು ಎಚ್‌ಸಿಪಿಸಿ ರಿಜಿಸ್ಟರಿನಲ್ಲಿ ಹುಡುಕಿ. ಉಚಿತ, ಒಂದು ನಿಮಿಷದ ಕೆಲಸ. ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಕೊಡಲು ಅರ್ಹತೆ ಇದೆಯೇ ಅನ್ನುವುದೂ ಹೆಸರಿನ ಜೊತೆ ಕಾಣುತ್ತದೆ. ಎರಡನೇ ಪ್ರಶ್ನೆ: ಹೇಳಿದ ಮೊತ್ತದಲ್ಲಿ ಮೊದಲ ತಪಾಸಣೆ, ಸರ್ಜರಿ, ಆಮೇಲಿನ ಡ್ರೆಸ್ಸಿಂಗ್ ಎಲ್ಲ ಸೇರಿದೆಯೇ? ಕಂಪನಿಯ ಇನ್ಶೂರೆನ್ಸ್ ಇದ್ದರೆ ಮೊದಲು ಅವರ ಒಪ್ಪಿಗೆ ತಗೊಳ್ಳಿ. ಮಾಡಿಸಿಕೊಂಡ ಮೇಲೆ ಬಿಲ್ಲು ಕಳಿಸಿದರೆ ಬಹಳ ಸಲ ಕೊಡುವುದಿಲ್ಲ.

ಸರ್ಜರಿ ಅಂದರೆ ಹೆದರಬೇಡಿ. ಆಪರೇಷನ್ ಅಂತ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಪ್ರಜ್ಞೆ ತಪ್ಪಿಸುವುದಿಲ್ಲ, ತಿಂಡಿ ತಿಂದೇ ಹೋಗಿ. ಬೆರಳಿನ ಬುಡದಲ್ಲಿ ಎರಡೂ ಪಕ್ಕ ಇಂಜೆಕ್ಷನ್ ಕೊಡುತ್ತಾರೆ. ಇಡೀ ಕೆಲಸದಲ್ಲಿ ನಿಜವಾಗಿ ನೋಯುವುದು ಅದೊಂದೇ. ಬೆರಳು ಮರಗಟ್ಟಿದ ಮೇಲೆ ರಕ್ತ ನಿಲ್ಲಲು ಬುಡಕ್ಕೆ ಬಿಗಿ ಪಟ್ಟಿ ಹಾಕಿ, ಉಗುರಿನ ಅಂಚಿನ ಒಂದು ಸಣ್ಣ ಪಟ್ಟಿಯನ್ನು ಬುಡದವರೆಗೂ ಸೀಳಿ ಎಳೆಯುತ್ತಾರೆ. ಆಮೇಲೆ ಆ ಜಾಗಕ್ಕೆ ಫೀನಾಲ್ ಅನ್ನುವ ರಾಸಾಯನಿಕ ಹಚ್ಚುತ್ತಾರೆ. ಉಗುರು ಹುಟ್ಟುವ ಬುಡವನ್ನೇ ಅದು ಸುಡುವುದರಿಂದ ಆ ಅಂಚು ಮತ್ತೆ ಬೆಳೆಯುವ ಸಾಧ್ಯತೆ ಬಹಳ ಕಡಿಮೆ. ಫೀನಾಲ್ ಇಲ್ಲದೆ ಬರೀ ಉಗುರು ತೆಗೆಯುವುದು ಬೇರು ಬಿಟ್ಟು ಕಳೆ ಕಿತ್ತ ಹಾಗೆ. ಸಕ್ಕರೆ ಕಾಯಿಲೆ, ರಕ್ತ ತೆಳು ಮಾಡುವ ಮಾತ್ರೆ, ಬಸಿರು ಇದ್ದರೆ ಮೊದಲೇ ಹೇಳಿ. ಹೋಗುವಾಗ ಬೆರಳು ತೆರೆದಿರುವ ಚಪ್ಪಲಿ ಒಯ್ಯಿರಿ, ದಪ್ಪ ಬ್ಯಾಂಡೇಜು ಶೂಗೆ ಹಿಡಿಸುವುದಿಲ್ಲ. ವಾಪಸ್ ಬರುವಾಗ ಕಾರು ನೀವು ಓಡಿಸಬೇಡಿ.

ಫೀನಾಲ್ ಹಾಕಿದ ಗಾಯ ಕೆಲವು ವಾರ ಒಸರುತ್ತದೆ. ವೀಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮ ‘ಕೀವಾಗಿದೆ ಕಣೋ, ಅರಿಶಿನ ಹಚ್ಚು’ ಅನ್ನುತ್ತಾರೆ. ಹಚ್ಚಬೇಡಿ. ತಿಳಿ ಹಳದಿ ನೀರು ಸಹಜ. ಕೆಂಪು ಬೆರಳಿನಿಂದ ಪಾದಕ್ಕೆ ಹರಡಿದರೆ, ನೋವು ದಿನದಿಂದ ದಿನಕ್ಕೆ ಜಾಸ್ತಿಯಾದರೆ, ವಾಸನೆ ಬಂದರೆ ಮಾತ್ರ ಕ್ಲಿನಿಕ್ಕಿಗೆ ಫೋನ್ ಮಾಡಿ.

‘ರಜಕ್ಕೆ ಊರಿಗೆ ಬಂದಾಗ ತೆಗೆಸಿಕೊಂಡರಾಯ್ತು’ ಅನ್ನುವವರೂ ಜಾಸ್ತಿ. ಬೇಗ ಆಗುವುದರಲ್ಲಿ ನಮ್ಮ ಶಿವಮೊಗ್ಗವೇ ಮೇಲು, ಅನುಮಾನವಿಲ್ಲ. ಆದರೆ ಕೇಳದಿದ್ದರೆ ಎಷ್ಟೋ ಕಡೆ ಇಡೀ ಉಗುರು ಕಿತ್ತು, ಫೀನಾಲ್ ಹಾಕದೆ ಕಳಿಸುತ್ತಾರೆ. ಹೆಬ್ಬೆರಳ ಉಗುರು ಪೂರ್ತಿ ಬೆಳೆಯಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಬೇಕು. ಬೆಳೆದು ಬಂದಾಗ ಮತ್ತೆ ಒಳಗೇ ಇಳಿಯಬಹುದು, ಅಷ್ಟರಲ್ಲಿ ನೀವು ಮತ್ತೆ ಅಲ್ಲಿರುತ್ತೀರಿ. ನಿಧಾನವಾದರೂ ಉಗುರಿನ ವಿಷಯದಲ್ಲಿ ನನಗೆ ಬ್ರಿಟನ್ ಪದ್ಧತಿಯೇ ಮೇಲು. ಇಲ್ಲೇ ಮಾಡಿಸುವುದಾದರೆ ‘ಅಂಚು ಮಾತ್ರ ತೆಗೆದು ಫೀನಾಲ್ ಹಾಕುತ್ತೀರಾ ಡಾಕ್ಟ್ರೇ?’ ಅಂತ ಕೇಳಿ. ಹಾಕುವವರು ಇದ್ದಾರೆ.

ವಿಸಿಟರ್ ವೀಸಾದಲ್ಲಿ ಹೋಗುವ ಅಪ್ಪ ಅಮ್ಮನ ಲೆಕ್ಕ ಮಾತ್ರ ಬೇರೆ. ಅವರು ಸರ್ಚಾರ್ಜ್ ಕಟ್ಟಿರುವುದಿಲ್ಲ. ಜಿಪಿ ನೋಡಿದ್ದಕ್ಕೆ ದುಡ್ಡಿಲ್ಲ, ಆದರೆ ಪೊಡಿಯಾಟ್ರಿಗೆ ಕಳಿಸಿದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ಲು ಬರಬಹುದು. ಸಕ್ಕರೆ ಕಾಯಿಲೆ ಇರುವವರಾದರೆ ಟಿಕೆಟ್ ಮಾಡಿಸುವ ಮುಂಚೆ ಇಲ್ಲೇ ಪಾದ ತೋರಿಸಲಿ, ಗಾಯ ಪೂರ್ತಿ ಒಣಗಿದ ಮೇಲೆ ವಿಮಾನ ಹತ್ತಲಿ.