ಕಬಡ್ಡಿ ತಂಡದ ಡಿಫೆನ್ಸ್ ಗಟ್ಟಿ ಮಾಡುವುದು ಹೇಗೆ: ಕಾರ್ನರ್‌ ಮತ್ತು ಕವರ್‌ಗಳ ತಾಲೀಮು

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಅಲ್ಲಿಂದ ಯುಗಾದಿ ದಾಟುವವರೆಗೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಯಾವುದಾದರೂ ಊರಲ್ಲಿ ಲೈಟು ಹಾಕಿ ಕಬಡ್ಡಿ ಆಡಿಸುತ್ತಲೇ ಇರುತ್ತಾರೆ. ನಮ್ಮ ಕಡೆಯ ತಂಡಗಳಲ್ಲಿ ಎದುರಾಳಿ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವ ರೇಡರ್‌ಗಳಿಗೆ ಕೊರತೆ ಇಲ್ಲ. ಸೋಲು ಬರುವುದು ಹಿಡಿಯುವ ಕಡೆಯಿಂದ. ಏಳೂ ಜನ ಗಟ್ಟಿಮುಟ್ಟಾಗಿರುತ್ತಾರೆ, ಕೈಯಲ್ಲಿ ಕಸುವಿರುತ್ತದೆ, ಆದರೂ ರೇಡರ್ ಮೂವರನ್ನು ಎಳೆದುಕೊಂಡು ಗೆರೆ ಮುಟ್ಟಿಬಿಡುತ್ತಾನೆ. ಕಾರಣ ಶಕ್ತಿಯ ಕೊರತೆ ಅಲ್ಲ. ಎರಡನೆಯವನು ತಡವಾಗಿ ಬರುತ್ತಾನೆ, ಬಂದರೂ ತಪ್ಪು ಜಾಗಕ್ಕೆ ಬರುತ್ತಾನೆ. ಡಿಫೆನ್ಸ್ ತಾಲೀಮಿನ ಮುಕ್ಕಾಲು ಪಾಲು ಇದೊಂದನ್ನು ಸರಿಪಡಿಸುವುದರಲ್ಲೇ ಹೋಗಬೇಕು. ದೀಪಾವಳಿ ಮುಗಿದ ಕೂಡಲೇ ಶುರು ಮಾಡಿದರೆ ಜಾತ್ರೆ ಹಂಗಾಮಿಗೆ ಎಂಟು ವಾರ ಸಿಗುತ್ತದೆ. ಅಷ್ಟು ಸಾಕು.

ಮೊದಲು ಲೆಕ್ಕ ಬರೆಯಿರಿ

ತಾಲೀಮು ಶುರು ಮಾಡುವ ಮೊದಲು ಎರಡು ಮೂರು ಪಂದ್ಯ ಆಡಿಸಿ, ಹೊರಗೆ ಒಬ್ಬನನ್ನು ನೋಟ್‌ಬುಕ್ ಕೊಟ್ಟು ಕೂರಿಸಿ. ಎದುರಾಳಿಗೆ ಹೋದ ಪ್ರತಿ ಪಾಯಿಂಟ್ ಹೇಗೆ ಹೋಯಿತು ಎಂದು ಅವನು ಬರೆಯಬೇಕು: ಸುಮ್ಮನೆ ನಿಂತಾಗ ಟಚ್ ಆಯಿತೇ, ಬೋನಸ್ (ರೇಡರ್ ಬೋನಸ್ ಗೆರೆಯಾಚೆ ಕಾಲೂರಿದ್ದಕ್ಕೆ ಸಿಗುವ ಪಾಯಿಂಟ್) ಹೋಯಿತೇ, ಅವಸರ ಮಾಡಿ ಹಿಡಿಯಲು ಹೋಗಿ ತಪ್ಪಿತೇ, ಹಿಡಿದ ಮೇಲೆ ಜಾರಿತೇ, ಬದಿಯ ಪಟ್ಟಿಯಾದ ಲಾಬಿಗೆ ಕಾಲಿಟ್ಟು ತಾನೇ ಔಟಾದನೇ. ಪಕ್ಕದಲ್ಲಿ ಆಟಗಾರನ ಹೆಸರು, ಎಡಭಾಗವೋ ಬಲಭಾಗವೋ ಎಂಬುದೂ ಇರಲಿ. ಬಹುತೇಕ ತಂಡಗಳಲ್ಲಿ ಅವಸರದ ಟ್ಯಾಕಲ್ ಮತ್ತು ಹಿಡಿದ ಮೇಲೆ ಜಾರಿದ್ದು, ಈ ಎರಡು ಕಾಲಂಗಳೇ ತುಂಬುತ್ತವೆ. ಟಚ್ ಪಾಯಿಂಟ್ ಹೆಚ್ಚಾಗಿದ್ದರೆ ತೊಂದರೆ ಕಾಲಿನ ಚಲನೆಯದು, ಅದಕ್ಕೆ ತಾಲೀಮೇ ಬೇರೆ.

ಅಂಕಣದ ಅಳತೆ ಬಾಯಿಪಾಠ ಇರಲಿ

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಎರಡೂ ಬದಿಗೆ ಒಂದೊಂದು ಮೀಟರ್ ಲಾಬಿ ಕಳೆದರೆ, ಯಾರನ್ನೂ ಮುಟ್ಟುವ ಮೊದಲು ಬಳಸಲು ಸಿಗುವ ಅಗಲ ಎಂಟೇ ಮೀಟರ್. ನಡುಗೆರೆಯಿಂದ, ರೇಡರ್ ದಾಟಲೇಬೇಕಾದ ಬಾಲ್ಕ್ ಲೈನ್ 3.75 ಮೀಟರ್, ಅಲ್ಲಿಂದ ಬೋನಸ್ ಲೈನ್ ಒಂದು ಮೀಟರ್, ಬೋನಸ್ ಲೈನಿನ ಹಿಂದೆ ಉಳಿಯುವುದು 1.75 ಮೀಟರ್. ಅಂದರೆ ಡಿಫೆಂಡರ್ ಹಿಂದೆ ಸರಿಯಲು ಎರಡು ಹೆಜ್ಜೆಗಿಂತ ಹೆಚ್ಚು ಜಾಗ ಇಲ್ಲ. ಊರಿನ ಮಣ್ಣಿನ ಅಂಕಣಗಳಲ್ಲಿ ಸುಣ್ಣದ ಗೆರೆಯನ್ನು ಕಣ್ಣಂದಾಜಿಗೆ ಎಳೆಯುವುದುಂಟು. ಅಂಥ ಅಂಕಣದಲ್ಲಿ ತಾಲೀಮು ಮಾಡಿದ, ಸಾಲಿನ ತುದಿಯಲ್ಲಿ ನಿಲ್ಲುವ ಕಾರ್ನರ್ ಆಟಗಾರ ಮ್ಯಾಟಿಗೆ ಹೋದಾಗ ಬೋನಸ್ ಲೈನ್ ಎಲ್ಲಿದೆ ಎಂದು ಕೆಳಗೆ ನೋಡುತ್ತಾನೆ. ಆ ಕ್ಷಣದಲ್ಲೇ ಅವನಿಗೆ ರೇಡರ್ ಕಾಲ್ಬೆರಳಿನ ಟೋ ಟಚ್ ಬೀಳುತ್ತದೆ. ಟೇಪು ಹಿಡಿದು ಅಳೆದೇ ಗೆರೆ ಹಾಕಿ.

ಯಾರನ್ನು ಎಲ್ಲಿ ನಿಲ್ಲಿಸಬೇಕು

ಕಾರ್ನರ್‌ಗೆ ಬೇಕಾದ್ದು ತಗ್ಗಿ ನಿಲ್ಲುವ ತೊಡೆ, ಬಿಡದ ಬೆರಳು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ. ಸಾಲಿನ ಒಳಗೆ ನಿಂತು ನೆರವಿಗೆ ಬರುವ ಕವರ್‌ಗೆ ಬೇಕಾದ್ದು ಭುಜ, ತೂಕ, ಮೊದಲ ಎರಡು ಹೆಜ್ಜೆಯ ವೇಗ. ತಂಡದ ಅತಿ ಬಲಶಾಲಿಯನ್ನು ಕಾರ್ನರ್‌ಗೆ ಹಾಕುವ ರೂಢಿ ನಮ್ಮಲ್ಲಿದೆ. ಅವನಿಗೆ ತಾಳ್ಮೆ ಇಲ್ಲದಿದ್ದರೆ ಅದು ನಷ್ಟದ ವ್ಯವಹಾರ, ಅಂಥವನನ್ನು ಕವರ್‌ಗೆ ತನ್ನಿ.

ಗರಡಿ ಮನೆಯಿಂದ ಬಂದ ಹುಡುಗರ ಬಗ್ಗೆ ಒಂದು ಮಾತು. ಮುಧೋಳ, ಜಮಖಂಡಿ ಕಡೆ ಕುಸ್ತಿ ಬಲ್ಲವರು ಕಬಡ್ಡಿಗೂ ಬರುತ್ತಾರೆ. ಹಿಡಿತ ಅವರಿಗೆ ಹುಟ್ಟಿನಿಂದ ಬಂದಂತೆ ಇರುತ್ತದೆ, ಆದರೆ ಎದುರಾಳಿಯನ್ನು ಚಿತ್ ಮಾಡುವ ಚಟ ಬಿಡುವುದಿಲ್ಲ. ಕಬಡ್ಡಿಯಲ್ಲಿ ಬೀಳಿಸಿದರೆ ಸಾಲದು. ಬಿದ್ದ ರೇಡರ್ ಮಲಗಿಕೊಂಡೇ ಕೈ ಚಾಚಿ ಗೆರೆ ಮುಟ್ಟಬಲ್ಲ. ಪೈಲ್ವಾನರಿಗೆ ಮೊದಲ ವಾರವೇ ಇದನ್ನು ತಿದ್ದಬೇಕು: ಕೆಡವಬೇಡ, ಹಿಂದಿನ ಗೆರೆಯ ಕಡೆ ಎಳೆ.

ಏಳು ಜನ ಇದ್ದಾಗ 2-3-2 ರಚನೆ ಸಾಕು. ಎರಡೂ ಬದಿ ಕಾರ್ನರ್ ಮತ್ತು ಅವನ ಪಕ್ಕದವನಾದ ಇನ್ ಕೈ ಹಿಡಿದು ಜೋಡಿ, ನಡುವೆ ಎರಡು ಕವರ್ ಮತ್ತು ಸೆಂಟರ್. ಆರು ಜನರಾದರೆ 2-2-2, ಐದಾದರೆ 2-1-2. ಐವರಿಗೆ ಇಳಿದ ಕೂಡಲೇ ಬೋನಸ್ ಇಲ್ಲ ಎಂಬುದನ್ನು ಮರೆಯುವವರೇ ಹೆಚ್ಚು. ಬೋನಸ್ ಸಿಗುವುದು ಆರು ಅಥವಾ ಏಳು ಜನ ಇದ್ದಾಗ ಮಾತ್ರ. ಆದ್ದರಿಂದ ಐವರಾದ ಮೇಲೆ ಬೋನಸ್ ಲೈನ್ ಕಾಯುವ ಕೆಲಸ ಬಿಟ್ಟು ಇಡೀ ಸಾಲು ಒಂದು ಹೆಜ್ಜೆ ಹಿಂದಕ್ಕೆ ಹೋಗಲಿ.

ರೇಡರ್ ಎಡಕ್ಕೆ ಹೋದರೆ ಎಡ ಕಾರ್ನರ್ ಹಿಂದೆ ಸರಿಯುತ್ತಾನೆ, ಉಳಿದ ಸಾಲು ಕಮಾನಿನಂತೆ ತಿರುಗುತ್ತದೆ, ಬಲ ಕಾರ್ನರ್ ಮುಂದೆ ಬಂದು ಅವನ ವಾಪಸ್ ದಾರಿ ಕಿರಿದು ಮಾಡುತ್ತಾನೆ. ಬಲಗಡೆ ಹೋದರೆ ಇದೇ ತಿರುವುಮುರುವು. ಇಲ್ಲಿ ಆಗುವ ತಪ್ಪೆಂದರೆ ಎದುರು ಬದಿಯವರು ಉಮೇದಿನಲ್ಲಿ ಬಾಲ್ಕ್ ಲೈನ್ ದಾಟಿ ಬಂದುಬಿಡುವುದು. ರೇಡರ್ ಗಿರಕಿ ಹೊಡೆದು ಹಿಂಗಾಲು ಚಾಚಿದರೆ ಅವರಿಗೇ ಟಚ್.

ಆಂಕಲ್ ಹೋಲ್ಡ್

ಗಾಳಿಯಲ್ಲಿರುವ ಕಾಲಿಗೆ ಕೈ ಹಾಕಬೇಡಿ. ನೆಲಕ್ಕೆ ಊರಿ, ಮೈಭಾರ ಬಿದ್ದ ಕಾಲನ್ನೇ ಹಿಡಿಯಬೇಕು. ಇದಕ್ಕೆ ಅತ್ಯುತ್ತಮ ಹೊತ್ತು ಬೋನಸ್ ಪ್ರಯತ್ನ. ಬೋನಸ್ ಸಿಗಬೇಕಾದರೆ ಮುಂಗಾಲು ಗೆರೆಯಾಚೆ ಊರಿದಾಗ ಹಿಂಗಾಲು ಗಾಳಿಯಲ್ಲಿರಬೇಕು. ಅಂದರೆ ಆ ಕ್ಷಣ ರೇಡರ್ ಒಂಟಿಗಾಲಿನಲ್ಲಿ ನಿಂತಿರುತ್ತಾನೆ, ಓಡಲಾರ. ಆ ಒಂದು ಪಾಯಿಂಟ್ ಹೋದರೂ ಹೋಗಲಿ, ಹಿಡಿದರೆ ನಿಮಗೂ ಪಾಯಿಂಟ್, ಜೊತೆಗೆ ರೇಡರ್ ಹೊರಗೆ.

ಕಣ್ಣು ಅವನ ಸೊಂಟದ ಮೇಲಿರಲಿ. ಕೈ ಮತ್ತು ಮುಖ ಮೋಸ ಮಾಡುತ್ತವೆ, ಸೊಂಟ ಮಾಡುವುದಿಲ್ಲ. ಮೊಣಕಾಲು ಬಗ್ಗಿಸಿ, ಮುಂಗಾಲಿನ ಮೇಲೆ ಭಾರ ಹಾಕಿ ನಿಲ್ಲಿ. ಹೋಗುವಾಗ ಒಂದು ಕೈ ಹಿಮ್ಮಡಿಯ ಹಿಂದಿನಿಂದ, ಇನ್ನೊಂದು ಕಣಕಾಲಿನ ಮೇಲಿನಿಂದ. ತಲೆ ಅವನ ಮೊಣಕಾಲಿನ ಹೊರಬದಿಗೆ, ಗಲ್ಲ ಮೇಲಕ್ಕೆ. ತಲೆ ತಗ್ಗಿಸಿ ನುಗ್ಗಿದವನಿಗೆ ಮೊಣಕಾಲಿನ ಏಟು ಮೂಗಿಗೋ ಕುತ್ತಿಗೆಗೋ ಬೀಳುತ್ತದೆ. ಹಿಡಿದ ಕೂಡಲೇ ಪಾದವನ್ನು ನೆಲದಿಂದ ಎತ್ತಿ ಎದೆಗೆ ಎಳೆದುಕೊಳ್ಳಿ. ನೆಲದಲ್ಲೇ ಬಿಟ್ಟರೆ ಅವನು ಅದೇ ಕಾಲು ಒತ್ತಿ ನೆಗೆಯುತ್ತಾನೆ. ಬೆರಳು ಹೆಣೆದು ಹಿಡಿಯುವುದು ಬೇಡ, ಬೆರಳು ಮುರಿಯುವುದು ಹಾಗೆಯೇ. ಅಂಗೈಗೆ ಅಂಗೈ ಕೊಕ್ಕೆಯಂತೆ ಸಿಕ್ಕಿಸಿ.

ಥೈ ಹೋಲ್ಡ್‌ನಲ್ಲಿ ಭುಜ ಅವನ ಸೊಂಟಕ್ಕೆ ಒತ್ತಿರಬೇಕು, ತಲೆ ಬೆನ್ನಿನ ಕಡೆ. ಗುದ್ದಿ ಹೊರಗೆ ತಳ್ಳುವ ಡ್ಯಾಶ್ ಮಾಡುವುದಾದರೆ ರೇಡರ್ ಬದಿಗೆರೆಯಿಂದ ಒಂದು ಹೆಜ್ಜೆಯೊಳಗೆ ಇದ್ದಾಗ ಮಾತ್ರ. ದೂರದಿಂದ ಓಡಿ ಬಂದು ಗುದ್ದಿದವನು ತಾನೇ ಮೊದಲು ಗೆರೆಯಾಚೆ ಹೋಗುತ್ತಾನೆ.

ಎರಡನೆಯವನು, ಮೂರನೆಯವನು

ಕಾರ್ನರ್ ಕಾಲು ಹಿಡಿದ ಎಂದಿಟ್ಟುಕೊಳ್ಳಿ. ಪಕ್ಕದವನು ಸಾಮಾನ್ಯವಾಗಿ ಕಾರ್ನರ್‌ನ ಮೈಮೇಲೇ ಬಂದು ಬೀಳುತ್ತಾನೆ. ಅಲ್ಲಿ ಅವನಿಂದ ಏನೂ ಪ್ರಯೋಜನ ಇಲ್ಲ. ಅವನು ಬರಬೇಕಾದ್ದು ರೇಡರ್ ಮತ್ತು ನಡುಗೆರೆಯ ಮಧ್ಯಕ್ಕೆ. ಬ್ಲಾಕ್ ಎಂದರೆ ಅದೇ. ಕಾಲು ಭುಜದಷ್ಟು ಅಗಲ, ಒಂದು ಪಾದ ರೇಡರ್‌ನ ಎರಡು ಕಾಲುಗಳ ನಡುವೆ, ಎದೆಗೆ ಎದೆ ಕೊಟ್ಟು ಸೊಂಟ ತಬ್ಬಿ ಹಿಂದಿನ ಗೆರೆಯ ಕಡೆ ದೂಡಬೇಕು. ಮೂರನೆಯವನು ಸೊಂಟ ಅಥವಾ ಚಾಚುವ ಕೈಯನ್ನು ಹಿಡಿಯಲಿ. ಅಲ್ಲಿಗೆ ನಿಲ್ಲಿಸಿ. ನಾಲ್ಕನೆಯವನು, ಐದನೆಯವನು ಮೇಲೆ ಬೀಳುವುದಕ್ಕೆ ಪ್ರೇಕ್ಷಕರು ಸೀಟಿ ಹೊಡೆಯುತ್ತಾರೆ, ಆದರೆ ರೇಡರ್ ಜಾರಿ ಗೆರೆ ಮುಟ್ಟಿದರೆ ಮೈ ತಾಗಿದ ಪ್ರತಿಯೊಬ್ಬನೂ ಔಟು. ಮೂವರಿಂದ ನಿಲ್ಲದ ರೇಡರ್ ಐವರಿಂದಲೂ ನಿಲ್ಲುವುದು ಅಪರೂಪ.

ಕಾರ್ನರ್ ಮತ್ತು ಪಕ್ಕದವನು ಜೋಡೆತ್ತಿದ್ದಂತೆ, ಒಂದು ಮುಂದೆ ಎಳೆದರೆ ನೊಗ ತಿರುಗುತ್ತದೆ. ಆದ್ದರಿಂದ ಜೋಡಿ ಬದಲಿಸುತ್ತಾ ಹೋಗಬೇಡಿ. ಎಂಟು ವಾರವೂ ಅದೇ ಇಬ್ಬರು ಅಕ್ಕಪಕ್ಕ ನಿಲ್ಲಲಿ.

ತಾಲೀಮು ಹೀಗಿರಲಿ. ಒಬ್ಬ ರೇಡರ್, ಒಬ್ಬ ಕಾರ್ನರ್, ಒಬ್ಬ ಕವರ್. ರೇಡರ್ ಕಾಲು ಕೊಡುತ್ತಾನೆ, ಕಾರ್ನರ್ ಹಿಡಿಯುತ್ತಾನೆ, ಕೋಚ್ ಗಟ್ಟಿಯಾಗಿ 'ಒಂದು' ಎನ್ನುವಷ್ಟರಲ್ಲಿ ಕವರ್‌ನ ಭುಜ ತಾಗಿರಬೇಕು. 'ಎರಡು' ಬಂದರೆ ಆ ಸರತಿ ಲೆಕ್ಕಕ್ಕಿಲ್ಲ. ಒಂದೊಂದು ಬದಿಗೆ ಹತ್ತು ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ, ಮತ್ತೆ ಹತ್ತು. ಮೊದಲ ವಾರ ನಡೆಯುವ ವೇಗ, ಎರಡನೆಯ ವಾರ ಅರ್ಧ ವೇಗ, ಮೂರನೆಯ ವಾರದಿಂದ ಪೂರ್ತಿ. ಮೊದಲ ದಿನವೇ ಪೂರ್ತಿ ವೇಗದಲ್ಲಿ ಮಾಡಿಸಿದರೆ ಭುಜದ ನೋವಿನಿಂದ ಇಬ್ಬರಾದರೂ ಮನೆಯಲ್ಲಿ ಕೂರುತ್ತಾರೆ.

ಹಿಡಿಯದೇ ಇರುವ ತಾಲೀಮು

ಇದನ್ನು ನಮ್ಮ ಕಡೆ ಯಾರೂ ಮಾಡಿಸುವುದಿಲ್ಲ, ಆದರೆ ಪಂದ್ಯ ಗೆಲ್ಲಿಸುವುದು ಇದೇ. 30 ಸೆಕೆಂಡಿನ ರೇಡ್, ಏಳು ಡಿಫೆಂಡರ್, ಯಾರೂ ಹಿಡಿಯುವಂತಿಲ್ಲ. ಟಚ್ ಕೊಡಬಾರದು, ಬೋನಸ್ ಕೊಡಬಾರದು, ಲಾಬಿಗೆ ಕಾಲಿಡಬಾರದು. ದಿನಕ್ಕೆ ಹದಿನೈದು ರೇಡ್. ಎರಡು ರೇಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ, ಪಾಯಿಂಟ್ ತರದಿದ್ದರೆ ರೇಡರ್ ಔಟು. ಆಗ ರೇಡರ್ ಬರಲೇಬೇಕು, ನೀವು ಕಾದು ನಿಂತಿರುತ್ತೀರಿ. ಮೂರನೆಯ ರೇಡಿನಲ್ಲೂ ಮೊದಲ ಇಪ್ಪತ್ತು ಸೆಕೆಂಡು ಕಾರ್ನರ್ ಕೈ ಹಾಕಬಾರದು. ಕೊನೆಯ ಹತ್ತರಲ್ಲಿ ರೇಡರ್ ತಾನಾಗಿಯೇ ಆಳಕ್ಕೆ ಬರುತ್ತಾನೆ. ಸುಮ್ಮನೆ ನಿಂತದ್ದಕ್ಕೆ ಊರವರು ಬೈಯಬಹುದು, ಬೈಯಲಿ.

ಮೂವರು ಅಥವಾ ಅದಕ್ಕೂ ಕಡಿಮೆ ಜನ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಎದುರಾಳಿಗೆ ಆಲೌಟ್ ಮಾಡುವ ಆಸೆ ಇರುವುದರಿಂದ ರೇಡರ್ ಆ ಹೊತ್ತಿನಲ್ಲಿ ಜಾಗ್ರತೆ ಬಿಡುತ್ತಾನೆ. ಎರಡು ಕಾರ್ನರ್, ನಡುವೆ ಒಬ್ಬ ಕವರ್, ಮೂವರೂ ಆಳದಲ್ಲಿ. ಅವನು ಯಾವ ಕಾರ್ನರ್ ಕಡೆ ತಿರುಗುತ್ತಾನೋ ಆ ಕಾರ್ನರ್ ಮೊದಲು, ಕವರ್ ನಡುಗೆರೆಯ ಬದಿಗೆ. ವಾರಕ್ಕೆ ಎರಡು ದಿನ ತಾಲೀಮು ಪಂದ್ಯವನ್ನು ಮೂವರಿಂದಲೇ ಶುರು ಮಾಡಿಸಿ.

ಕೂಗು

ಜಾತ್ರೆಯ ಲೌಡ್‌ಸ್ಪೀಕರ್, ಹಲಗೆ ಸದ್ದಿನ ನಡುವೆ 'ತಡಿ', 'ಹಿಡಿ' ಎಂದು ಎಷ್ಟು ಕೂಗಿದರೂ ಕೇಳುವುದಿಲ್ಲ, ಕೇಳಿದರೆ ರೇಡರ್‌ಗೂ ಕೇಳುತ್ತದೆ. ಕೈ ಹಿಡಿದು ನಿಂತಿರುತ್ತೀರಲ್ಲ, ಅದನ್ನೇ ಬಳಸಿ: ಒಮ್ಮೆ ಒತ್ತಿದರೆ ನಿಲ್ಲು, ಎರಡು ಸಲ ಒತ್ತಿದರೆ ನಾನು ಹೋಗುತ್ತೇನೆ. ಒತ್ತುವ ಹಕ್ಕು ಜೋಡಿಯಲ್ಲಿ ಕಾರ್ನರ್‌ಗೆ ಮಾತ್ರ. ಇಬ್ಬರೂ ಒತ್ತಿದರೆ ಗೊಂದಲ.

ಮೈಕಸುವು, ಮಣ್ಣು, ಮ್ಯಾಟು

ಜಿಮ್ ಇಲ್ಲ ಎಂದು ಕೊರಗಬೇಕಿಲ್ಲ. ದಂಡ, ಬಸ್ಕಿ, ಹಗ್ಗ ಹತ್ತುವುದು ಡಿಫೆಂಡರ್‌ಗೆ ಚೆನ್ನಾಗಿಯೇ ಒಗ್ಗುತ್ತವೆ. ಹಿಡಿತಕ್ಕೆ ದಪ್ಪ ಟವೆಲ್ಲನ್ನು ಕೊಂಬೆಗೆ ಹಾಕಿ ಎರಡೂ ತುದಿ ಹಿಡಿದು ಜೋತಾಡಿ, 20 ಸೆಕೆಂಡಿನಂತೆ ಐದು ಸಲ, ವಾರಕ್ಕೆ ಮೂರು ದಿನ. ಕುತ್ತಿಗೆಯ ವ್ಯಾಯಾಮ ಬಿಡಬೇಡಿ: ಅಂಗೈಯಿಂದ ತಲೆಯನ್ನು ನಾಲ್ಕೂ ದಿಕ್ಕಿಗೆ ಒತ್ತಿ, ತಲೆ ಅಲುಗದಂತೆ ಹತ್ತು ಸೆಕೆಂಡು ತಡೆಯಿರಿ.

ಎರಿ ಮಣ್ಣು ಒಣಗಿದರೆ ಬಿರುಕು ಬಿಟ್ಟು ಕಲ್ಲಿನಂತಾಗುತ್ತದೆ, ತೊಯ್ದರೆ ಅಂಟುತ್ತದೆ. ಅಂಕಣಕ್ಕೆ ಮಸಾರಿ ಮಣ್ಣು ತಂದು ಹಾಕಿ, ಹೆಂಟೆ ಒಡೆದು, ಹರಳು ಆರಿಸಿ, ಹಿಂದಿನ ಸಂಜೆ ನೀರು ಚಿಮುಕಿಸಿ. ಮಣ್ಣಿನಲ್ಲಿ ಪಾದ ಜಾರುತ್ತದೆ, ಮ್ಯಾಟಿನ ಮೇಲೆ ಬೂಟು ಕಚ್ಚಿಕೊಳ್ಳುತ್ತದೆ. ಮಣ್ಣಿನ ರೂಢಿಯಲ್ಲೇ ಮ್ಯಾಟಿನ ಮೇಲೆ ತಿರುಗಿದರೆ ಪಾದ ನಿಂತಲ್ಲೇ ಇದ್ದು ಮೊಣಕಾಲು ತಿರುಚುತ್ತದೆ, ಅಲ್ಲಿಗೆ ಒಂದು ವರ್ಷ ಹೋಯಿತು. ಮ್ಯಾಟಿನ ಪಂದ್ಯಾವಳಿ ಇದ್ದರೆ ಕನಿಷ್ಠ ಎರಡು ವಾರ ಮೊದಲೇ ಎಲ್ಲಾದರೂ ಮ್ಯಾಟ್ ಹುಡುಕಿ, ಪಂದ್ಯಕ್ಕೆ ಹಾಕುವ ಬೂಟನ್ನೇ ಹಾಕಿ ಆಡಿ. ಉಗುರು ಕತ್ತರಿಸಿರಬೇಕು, ಮೈಗೆ ಎಣ್ಣೆ ಸವರಬಾರದು. ಬಾಯಿ ಮುಚ್ಚುವುದು, ಕುತ್ತಿಗೆ ಹಿಸುಕುವುದು, ಕೂದಲು ಅಥವಾ ಬಟ್ಟೆ ಹಿಡಿಯುವುದು, ಎರಡು ಕಾಲಿನಿಂದ ಕತ್ತರಿ ಹಾಕುವುದು ನಿಯಮಕ್ಕೆ ವಿರುದ್ಧ. ಊರ ಪಂದ್ಯದಲ್ಲಿ ಅಂಪೈರ್ ಕಂಡೂ ಕಾಣದಂತೆ ಬಿಟ್ಟದ್ದು ಜಿಲ್ಲಾ ಮಟ್ಟದಲ್ಲಿ ನಡೆಯುವುದಿಲ್ಲ.

ನೋಡಿ ಕಲಿಯುವುದು

ಪ್ರೊ ಕಬಡ್ಡಿ ನೋಡುವಾಗ ರೇಡರ್‌ನನ್ನು ಬಿಟ್ಟು ಕವರ್‌ನ ಕಾಲು ನೋಡಿ. 2018-19ರ ಹಂಗಾಮಿನಲ್ಲಿ ಯುಪಿ ಯೋಧಾದ ಬಲ ಕಾರ್ನರ್ ನಿತೇಶ್ ಕುಮಾರ್ 100 ಟ್ಯಾಕಲ್ ಪಾಯಿಂಟ್ ಗಳಿಸಿದರು. ಒಂದೇ ಹಂಗಾಮಿನಲ್ಲಿ ನೂರು ಮುಟ್ಟಿದ ಮೊದಲಿಗ ಅವರೇ. ಇರಾನಿನ ಫಜಲ್ ಅತ್ರಾಚಲಿಯವರ ಆಂಕಲ್ ಹೋಲ್ಡ್‌ನಲ್ಲಿ ಗಮನಿಸಬೇಕಾದ್ದು ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದು. ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ ಪುಣೇರಿ ಪಲ್ಟನ್ 2024ರ ಮಾರ್ಚ್‌ನಲ್ಲಿ ಪ್ರಶಸ್ತಿ ಗೆದ್ದಿತು, ಫೈನಲ್ ಸ್ಕೋರ್ 28-25. ಆ ತಂಡದ ಪಂದ್ಯಗಳನ್ನು ಮೊಬೈಲಿನಲ್ಲಿ ಧ್ವನಿ ತೆಗೆದು, ಪ್ರತಿ ಟ್ಯಾಕಲ್ಲನ್ನು ನಿಧಾನ ವೇಗದಲ್ಲಿ ಎರಡು ಸಲ ನೋಡಿ: ಮೊದಲ ಸಲ ಹಿಡಿದವನನ್ನು, ಎರಡನೆಯ ಸಲ ಪಕ್ಕದವನನ್ನು. ನಿಮ್ಮ ಪಂದ್ಯಗಳನ್ನೂ ಹೀಗೆಯೇ ಚಿತ್ರೀಕರಿಸಿ. ಮೊಬೈಲ್ ಹಿಂದಿನ ಗೆರೆಯ ಆಚೆ, ಎತ್ತರದಲ್ಲಿ ಇರಲಿ. ಬದಿಯಿಂದ ತೆಗೆದರೆ ಕಾರ್ನರ್ ಮತ್ತು ಕವರ್ ನಡುವಿನ ಅಂತರ ಕಾಣುವುದಿಲ್ಲ.